ಕ್ಷೌರದ ಕತ್ತಿಗೆ ಸ್ಟ್ರಾಪ್: ಅಗಲ ಎಷ್ಟಿರಬೇಕು, ಚರ್ಮ ಯಾವುದು, ಆರೈಕೆ ಹೇಗೆ?

ಬೆನ್ನುಮುಂದೆ

ಮಡಚುವ ಕ್ಷೌರದ ಕತ್ತಿಗೆ ಮೊದಲ ಸ್ಟ್ರಾಪ್, ಅಂದರೆ ಕತ್ತಿಯ ಬಾಯಿಯನ್ನು ನಯ ಮಾಡಲು ಅದನ್ನು ಎಳೆಯುವ ಚರ್ಮದ ಪಟ್ಟಿ, ಕೊಳ್ಳಬೇಕಾಗಿದೆ. ಕತ್ತಿ 6/8 ಇಂಚು ಅಗಲದ್ದು, ಬಾಯಿ ನೇರ, ಮೊನೆ ದುಂಡು. 12000 ಗ್ರಿಟ್ (ಸಂಖ್ಯೆ ಹೆಚ್ಚಾದಷ್ಟೂ ಕಣ ನುಣುಪು) ಸಾಣೆಕಲ್ಲಿನ ಮೇಲೆ ಮಸೆದು ಮುಗಿಸಿದ್ದರಿಂದ ಹರಿತದ ಬಗ್ಗೆ ಸಂಶಯವಿಲ್ಲ. ಗೊಂದಲ ಇರುವುದು ಪಟ್ಟಿಯಲ್ಲಿ. ಎರಡು ಇಂಚು, ಎರಡೂವರೆ, ಮೂರು ಎಂದು ಅಗಲಗಳಿವೆ. ಹಸುವಿನ ಚರ್ಮ, ಎಮ್ಮೆಯ ಚರ್ಮ, ಕುದುರೆಯ ಚರ್ಮ, ಲ್ಯಾಟಿಗೋ, ಬ್ರೈಡಲ್ ಎಂದು ಹೆಸರುಗಳಿವೆ. ಕೆಲವಕ್ಕೆ ಜೊತೆಗೆ ಲಿನನ್ ಬಟ್ಟೆ, ಕೆಲವಕ್ಕೆ ಕ್ಯಾನ್ವಾಸ್, ಕೆಲವಕ್ಕೆ ಏನೂ ಇಲ್ಲ. ಇವುಗಳಲ್ಲಿ ಕ್ಷೌರದ ಮೇಲೆ ನಿಜಕ್ಕೂ ಪರಿಣಾಮ ಬೀರುವುದು ಯಾವುದು, ಬರೀ ಅಂದಕ್ಕೆ ಇರುವುದು ಯಾವುದು? ಕೊಂಡ ಮೇಲೆ ಎಣ್ಣೆ ಹಚ್ಚಬೇಕೆ, ಪೇಸ್ಟ್ ಹಚ್ಚಬೇಕೆ? ತಿಳಿದವರು ವಿವರವಾಗಿ ಬರೆಯಿರಿ.

ಸಾಣೆಗಾರ

ಮೊದಲು ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ಪಟ್ಟಿ ಸಪಾಟಾಗಿರಬೇಕು, ಶುದ್ಧವಾಗಿರಬೇಕು, ಎಳೆದು ಹಿಡಿದಾಗ ಬಿಗಿಯಾಗಿ ನಿಲ್ಲಬೇಕು. ಈ ಮೂರು ಸರಿಯಿದ್ದರೆ ಸಾಧಾರಣ ಹಸುವಿನ ಚರ್ಮವೂ ಮುಖಕ್ಕೆ ಹಿತವಾದ ಬಾಯಿ ಕೊಡುತ್ತದೆ. ಇವು ತಪ್ಪಿದರೆ ಅತ್ಯುತ್ತಮ ಕುದುರೆ ಚರ್ಮವೂ ಕತ್ತಿಯನ್ನು ಮೊಂಡು ಮಾಡುತ್ತದೆ. ಇದಾದ ಮೇಲೆ ಅಗಲ, ಅದಾದ ಮೇಲೆ ಚರ್ಮದ ಜಾತಿ. ಹಿಡಿಕೆಯ ಆಕಾರ, ದಾರದ ಬಣ್ಣ, ಹಿತ್ತಾಳೆಯ ಕೊಂಡಿ ಇವೆಲ್ಲ ಅಂದಕ್ಕೆ.

ಅಗಲದ ಲೆಕ್ಕ ಸರಳ. ಕತ್ತಿಯ ಬಾಯಿಯ ಉದ್ದ ಸಾಮಾನ್ಯವಾಗಿ 7ರಿಂದ 7.5 ಸೆಂಟಿಮೀಟರ್. ಮೂರು ಇಂಚು ಎಂದರೆ 76 ಮಿಲಿಮೀಟರ್, ಹಾಗಾಗಿ ನೇರಕ್ಕೆ ಎಳೆದರೂ ಬುಡದಿಂದ ಮೊನೆಯವರೆಗೆ ಇಡೀ ಬಾಯಿ ಚರ್ಮಕ್ಕೆ ತಾಗುತ್ತದೆ. ಎರಡೂವರೆ ಇಂಚು ಎಂದರೆ 63 ಮಿಲಿಮೀಟರ್ ಚಿಲ್ಲರೆ, ಒಂದು ತುದಿ ಹೊರಗೆ ಉಳಿಯುತ್ತದೆ. ಆಗ ಓರೆಯಾಗಿ ಎಳೆಯಬೇಕು: ಶುರುವಿನಲ್ಲಿ ಬುಡ ಪಟ್ಟಿಯ ಮೇಲಿರಲಿ, ಎಳೆಯುತ್ತಾ ಕತ್ತಿಯನ್ನು ನಿಮ್ಮ ಬಲಕ್ಕೆ ಸರಿಸುತ್ತಾ ಹೋಗಿ, ಪಟ್ಟಿ ಮುಗಿಯುವ ಹೊತ್ತಿಗೆ ಮೊನೆ ಅದರ ಮೇಲಿರಬೇಕು. ಇದಕ್ಕೆ ಎಕ್ಸ್ ಎಳೆತ ಎನ್ನುತ್ತಾರೆ.

ಮೂರು ಇಂಚು ಕೊಂಡರೆ ಎಕ್ಸ್ ಎಳೆತ ಕಲಿಯುವುದೇ ಬೇಡ ಎಂದುಕೊಳ್ಳಬೇಡಿ. ವರ್ಷ ಕಳೆದಂತೆ ಪಟ್ಟಿಯ ಎರಡು ಅಂಚುಗಳು ಮೇಲಕ್ಕೋ ಕೆಳಕ್ಕೋ ಸುರುಟುತ್ತವೆ, ನಡುಭಾಗ ಸವೆಯುತ್ತದೆ. ನೇರ ಎಳೆತದಲ್ಲಿ ಬಾಯಿಯ ಅದೇ ಜಾಗ ದಿನವೂ ಪಟ್ಟಿಯ ಅದೇ ಜಾಗಕ್ಕೆ ತಾಗುವುದರಿಂದ ಆ ಡೊಂಕು ಕತ್ತಿಗೂ ಬರುತ್ತದೆ. ಸ್ವಲ್ಪ ಓರೆ ಕೊಟ್ಟರೆ ಅದು ಹಂಚಿಹೋಗುತ್ತದೆ. ನಿಮ್ಮ ಬಾಯಿ ನೇರ ಇದೆ, ಮೂರು ಇಂಚು ತೆಗೆದುಕೊಳ್ಳಿ. ಬಾಯಿ ಬಾಗಿರುವ ಕತ್ತಿ, ಅಂದರೆ ನಡುವೆ ಉಬ್ಬಿ ಎರಡು ತುದಿ ಮೇಲೆದ್ದದ್ದು, ಇದ್ದವರಿಗೆ ಎರಡು ಅಥವಾ ಎರಡೂವರೆ ಇಂಚೇ ಒಳ್ಳೆಯದು. ಅಗಲ ಪಟ್ಟಿಯ ಮೇಲೆ ಅಂಥ ಕತ್ತಿಯ ಮೊನೆ ಗಾಳಿಯಲ್ಲೇ ಇರುತ್ತದೆ.

ಉದ್ದ: ಹಿಡಿಕೆ, ಕೊಂಡಿ ಬಿಟ್ಟು ಎಳೆಯಲು ಸಿಗುವ ಚರ್ಮ 40 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ, 45 ಆದರೆ ಒಳ್ಳೆಯದು. ಪಟ್ಟಿ ಚಿಕ್ಕದಾದಷ್ಟೂ ಕತ್ತಿ ಹೊರಳಿಸುವುದು ಹೆಚ್ಚು. ಪಟ್ಟಿಗೆ ಗಾಯವಾಗುವುದು ಹೊರಳಿಸುವಾಗಲೇ.

ತೊಗಲುಬಲ್ಲವ

ಚರ್ಮದ ವಿಷಯ ನಾನು ಬರೆಯುತ್ತೇನೆ. ಇಲ್ಲಿ ಮುಖ್ಯವಾದ ಗುಣ ಎಳೆತ, ಅಂದರೆ ಕತ್ತಿ ಜಾರುವಾಗ ಚರ್ಮ ಅದನ್ನು ಎಷ್ಟು ಹಿಡಿಯುತ್ತದೆ ಎಂಬುದು. ಇದು ಪ್ರಾಣಿಗಿಂತ ಹೆಚ್ಚಾಗಿ ಹದ ಮಾಡಿದ ರೀತಿ ಮತ್ತು ಮೇಲ್ಮೈಗೆ ಕೊಟ್ಟ ನುಣುಪಿನ ಮೇಲೆ ನಿಂತಿದೆ.

ಲ್ಯಾಟಿಗೋ ಹಸುವಿನ ಚರ್ಮವೇ. ಕ್ರೋಮಿಯಂ ಲವಣದಲ್ಲೂ ಮರದ ತೊಗಟೆಯ ರಸದಲ್ಲೂ ಎರಡು ಬಾರಿ ಹದ ಮಾಡಿ, ಒಳಕ್ಕೆ ಎಣ್ಣೆ ಮತ್ತು ಮೇಣ ತುಂಬಿರುತ್ತಾರೆ. ಹಾಗಾಗಿ ಎಳೆತ ಜೋರು, ಕತ್ತಿ ಅಂಟಿಕೊಂಡಂತೆ ಚಲಿಸುತ್ತದೆ. ಬ್ರೈಡಲ್ ಎಂದರೆ ಕುದುರೆಯ ಜೀನು, ಲಗಾಮಿಗೆ ಬಳಸುವ ಹಸುವಿನ ಚರ್ಮ. ತೊಗಟೆ ರಸದ ಹದ, ಗಟ್ಟಿ ಮೈ, ಮಧ್ಯಮ ಎಳೆತ. ಕುದುರೆ ಚರ್ಮದಲ್ಲಿ ಎರಡು ಬಗೆ ಇದೆ, ಇದನ್ನು ಬೆರೆಸಬೇಡಿ. ಸಾಮಾನ್ಯ ಕುದುರೆ ತೊಗಲು ತೆಳು ಮತ್ತು ನುಣುಪು. ಶೆಲ್ ಎನ್ನುವುದು ಕುದುರೆಯ ಪೃಷ್ಠಭಾಗದಲ್ಲಿ ತೊಗಲಿನ ಒಳಪದರವಾಗಿ ಸಿಗುವ ದಟ್ಟ ನಾರಿನ ಚಿಕ್ಕ ತುಂಡು. ಅದು ಗಾಜಿನಷ್ಟು ನುಣುಪು, ಎಳೆತ ಬಹಳ ಕಡಿಮೆ, ಬಾಳಿಕೆ ಜಾಸ್ತಿ. ಒಂದು ಕುದುರೆಯಲ್ಲಿ ಸಿಗುವುದೇ ಎರಡು ತುಂಡು, ಅದಕ್ಕೇ ದುಬಾರಿ. ರಷ್ಯನ್ ಲೆದರ್ ಎಂಬ ಹೆಸರು ಹಿಂದೆ ಬರ್ಚ್ ಮರದ ಎಣ್ಣೆ ಹಾಕಿ ಹದ ಮಾಡಿದ ಚರ್ಮಕ್ಕಿತ್ತು. ಇಂದು ಆ ಹೆಸರು ಹೊತ್ತ ಪಟ್ಟಿಗಳೆಲ್ಲ ಹಾಗೆ ಹದ ಮಾಡಿದವಲ್ಲ.

ಜೋರು ಎಳೆತ ಎಂದರೆ ಹೆಚ್ಚು ಹರಿತ ಎಂದಲ್ಲ. ಜೋರು ಎಳೆತದ ಪಟ್ಟಿ ಕೈಗೆ ಸುದ್ದಿ ಹೆಚ್ಚು ಕೊಡುತ್ತದೆ: ಕತ್ತಿ ವಾಲಿದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಅದರ ಮೇಲೆ ಕತ್ತಿಯನ್ನು ಒತ್ತಿ ಹಿಡಿಯುವ ಚಟ ಬೇಗ ಬೆಳೆಯುತ್ತದೆ. ನುಣುಪು ಪಟ್ಟಿಯಲ್ಲಿ ಕತ್ತಿ ಬೇಗ ಓಡುತ್ತದೆ, ಕಲಿಯುವವರ ಕೈ ಅದರ ಹಿಂದೆ ಓಡಿ ತಪ್ಪುತ್ತದೆ. ಮೊದಲ ಪಟ್ಟಿಗೆ ಮಧ್ಯಮ ಎಳೆತ, ತೊಗಟೆ ಹದ, 2.5ರಿಂದ 4 ಮಿಲಿಮೀಟರ್ ದಪ್ಪ, ಮೇಲ್ಮೈಗೆ ಬಣ್ಣದ ಲೇಪ ಇಲ್ಲದ್ದು ಹುಡುಕಿ. 2 ಮಿಲಿಮೀಟರ್‌ಗಿಂತ ತೆಳುವಾದ ಹಸು ಚರ್ಮ ಎಳೆದಂತೆ ಹಿಗ್ಗುತ್ತದೆ. ಇನ್ನೊಂದು ಮಾತು: ಶೆಲ್‌ಗೆ ಮೊದಲ ವರ್ಷವೇ ಹಣ ಹಾಕಬೇಡಿ. ಮೊದಲ ಪಟ್ಟಿಗೆ ಗಾಯ ಆಗುವುದು ಬಹುತೇಕ ಖಚಿತ.

ಬೆನ್ನುಮುಂದೆ

ಇಬ್ಬರಿಗೂ ವಂದನೆ. ಬಿಗಿಯಾಗಿ ಹಿಡಿಯುವುದೇ ಅಷ್ಟು ಮುಖ್ಯ ಎಂದಾದರೆ ಹಲಗೆಗೆ ಅಂಟಿಸಿದ ಸ್ಟ್ರಾಪ್ ಏಕೆ ಬೇಡ? ಅದು ಜೋಲುವುದೇ ಇಲ್ಲವಲ್ಲ.

ಸಾಣೆಗಾರ

ಬೇಡ ಎಂದೇನಿಲ್ಲ. ಪಟ್ಟಿ ತೂಗುಹಾಕುವ ಕೊಕ್ಕೆಗೆ ಜಾಗ ಇಲ್ಲದವರಿಗೆ, ಪ್ರಯಾಣ ಮಾಡುವವರಿಗೆ ಹಲಗೆಯೇ ಸರಿ. ಎರಡು ಕೊರತೆಗಳಿವೆ. ಒಂದು, ಉದ್ದ ಕಡಿಮೆ. ಹೆಚ್ಚಿನವು 30 ಸೆಂಟಿಮೀಟರ್ ಆಸುಪಾಸು, ಅದಕ್ಕೆ ತಕ್ಕಂತೆ ಸುತ್ತುಗಳನ್ನು ಹೆಚ್ಚಿಸಬೇಕು. ಎರಡು, ಗಟ್ಟಿ ಹಲಗೆಯ ಮೇಲೆ ಚರ್ಮ ಎಲ್ಲಿ ಸ್ವಲ್ಪ ತಗ್ಗಿದ್ದರೂ ಬಾಯಿ ಅಲ್ಲಿ ತಾಗದೇ ಹೋಗುತ್ತದೆ. ತೂಗು ಪಟ್ಟಿ ಕೂದಲೆಳೆಯಷ್ಟು ಬಾಗಿ ಇಂಥ ಏರುತಗ್ಗುಗಳನ್ನು ಸರಿದೂಗಿಸುತ್ತದೆ. ಕೊಳ್ಳುವಾಗ ಉಕ್ಕಿನ ಅಳತೆಪಟ್ಟಿಯನ್ನು ಚರ್ಮದ ಮೇಲೆ ನಿಲ್ಲಿಸಿ ಬೆಳಕಿಗೆ ಎದುರಾಗಿ ನೋಡಿ. ಕೆಳಗಿನಿಂದ ಬೆಳಕು ತೂರಿದರೆ ಅಂಥದ್ದು ಬೇಡ.

ಮೂರನೆಯದೂ ಒಂದಿದೆ, ಚೌಕಟ್ಟಿನ ಸ್ಟ್ರಾಪ್. ಚರ್ಮದ ಉಂಗುರವನ್ನು ಕಟ್ಟಿಗೆಯ ಚೌಕಟ್ಟಿಗೆ ತೊಡಿಸಿ, ಹಿಡಿಯ ತಿರುಪಿನಿಂದ ಬಿಗಿ ಮಾಡುವುದು. ಒಳ್ಳೆಯ ವಸ್ತು. ಕೆಲಸ ಮುಗಿದ ಮೇಲೆ ತಿರುಪು ಸಡಿಲಿಸಿಡಿ, ಇಲ್ಲದಿದ್ದರೆ ಚರ್ಮ ಹಿಗ್ಗಿ ತಿರುಪಿಗೆ ಸಾಲದೇ ಹೋಗುತ್ತದೆ.

ನಿಧಾನ_ಕೈ

ಆಯ್ಕೆಯ ಬಗ್ಗೆ ಎಲ್ಲರೂ ಬರೆದಾಯಿತು. ಆದರೆ ಪಟ್ಟಿ ಹಾಳಾಗುವುದು, ಬಾಯಿ ಹಾಳಾಗುವುದು ಕೈಯಿಂದ. ಇದನ್ನು ಬಿಡಿಸಿ ಬರೆಯುತ್ತೇನೆ.

ಕೊಕ್ಕೆ ಹೊಕ್ಕುಳಿನಿಂದ ಎದೆಯ ನಡುವಿನ ಎತ್ತರದಲ್ಲಿರಲಿ, ಗೋಡೆಗೆ ಗಟ್ಟಿಯಾಗಿ ಕೂತಿರಲಿ. ಬಾಗಿಲ ಹಿಡಿಕೆಗೆ ಸಿಕ್ಕಿಸಿದರೆ ಬಾಗಿಲು ಅಲುಗುತ್ತದೆ. ಎಡಗೈಯಲ್ಲಿ ಪಟ್ಟಿಯ ತುದಿ ಹಿಡಿದು ನೆಲಕ್ಕೆ ಸಮಾನಾಂತರವಾಗಿ ಎಳೆಯಿರಿ. ಕತ್ತಿ ಇಟ್ಟಾಗ ಪಟ್ಟಿ ಕಣ್ಣಿಗೆ ಕಾಣುವಂತೆ ತಗ್ಗಬಾರದು, ಅಷ್ಟು ಬಿಗಿ ಸಾಕು.

ಕತ್ತಿಯನ್ನು ಪೂರ್ತಿ ಬಿಚ್ಚಿ, ಅದರ ಹಿಡಿ ಮತ್ತು ಅಲಗು ಒಂದೇ ಗೆರೆಗೆ ಬರಲಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕತ್ತಿಯ ಕುತ್ತಿಗೆಯನ್ನು, ಅಂದರೆ ಅಲಗಿಗೂ ಹಿಡಿಗೂ ನಡುವಿನ ಉಕ್ಕನ್ನು, ಹಿಡಿಯಿರಿ. ಕತ್ತಿ ಹೊರಳುವುದು ಈ ಎರಡು ಬೆರಳುಗಳ ನಡುವೆ. ಮಣಿಕಟ್ಟು ತಿರುಗಿತೋ ಮೊನೆ ಮೇಲೇಳುತ್ತದೆ.

ಇಡುವಾಗ ಮೊದಲು ಬೆನ್ನು, ಆಮೇಲೆ ಬಾಯಿ. ಚಲಿಸುವಾಗ ಯಾವತ್ತೂ ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಬಂದಾಗ ಕತ್ತಿಯನ್ನು ಪೂರ್ತಿ ನಿಲ್ಲಿಸಿ. ನಿಂತ ಮೇಲೆ ಬೆನ್ನನ್ನು ಚರ್ಮದಿಂದ ಎತ್ತದೆ ಬಾಯಿಯನ್ನು ಮೇಲಕ್ಕೆ ಹೊರಳಿಸಿ ಇನ್ನೊಂದು ಮಗ್ಗುಲಿಗೆ ಮಲಗಿಸಿ. ಮಲಗಿದ ಮೇಲೆಯೇ ಹಿಂದಕ್ಕೆ ಹೊರಡಿ. ಪಟ್ಟಿಗೆ ಗಾಯವಾಗುವುದು ಇಲ್ಲೇ: ಹೊರಳುವುದು ಮುಗಿಯುವ ಮೊದಲೇ ಕೈ ಹಿಂದಕ್ಕೆ ಹೊರಟರೆ, ಒಂದು ಕ್ಷಣ ಬಾಯಿ ಮುಂದಾಗಿ ಚರ್ಮವನ್ನು ಕಚ್ಚುತ್ತದೆ. ಹೆಚ್ಚಿನ ಗಾಯಗಳು ಪಟ್ಟಿಯ ಎರಡು ತುದಿಗಳ ಹತ್ತಿರವೇ ಇರುವುದು ಇದೇ ಕಾರಣಕ್ಕೆ. ಒಂದು ಕಡೆಯ ಎಳೆತಕ್ಕೆ ಎರಡು ಸೆಕೆಂಡ್ ಕೊಡಿ. ವೇಗದಿಂದ ಬಾಯಿಗೆ ಏನೂ ಲಾಭವಿಲ್ಲ.

ಒತ್ತಡ ಏಕೆ ಕೂಡದು ಎಂಬುದನ್ನು ಅಳತೆಯಲ್ಲೇ ನೋಡಬಹುದು. 6/8 ಕತ್ತಿಯ ಅಲಗು ಸುಮಾರು 19 ಮಿಲಿಮೀಟರ್ ಅಗಲ. ಬೆನ್ನು 5.5 ಮಿಲಿಮೀಟರ್ ದಪ್ಪ ಇದ್ದರೆ ಬಾಯಿಯ ಒಟ್ಟು ಕೋನ ಸುಮಾರು 16.6 ಡಿಗ್ರಿ, ಒಂದೊಂದು ಬದಿಗೆ 8.3. ಈ ಕೋನವನ್ನು ಕಾಯುವುದು ಬೆನ್ನು. ಅದು ಪಟ್ಟಿಯಿಂದ ಬರೀ 1 ಮಿಲಿಮೀಟರ್ ಎದ್ದರೂ ಆ ಬದಿಯ ಕೋನ 3 ಡಿಗ್ರಿ ಏರುತ್ತದೆ, ಚರ್ಮ ಬಾಯಿಯ ತುದಿಯನ್ನೇ ಉಜ್ಜಿ ದುಂಡಗೆ ಮಾಡುತ್ತದೆ. ಪಟ್ಟಿ ಜೋತಾಗ ಅಥವಾ ನೀವು ಒತ್ತಿದಾಗ ಆಗುವುದೂ ಇದೇ. ಬೆನ್ನು ಎದ್ದಿರುವುದಿಲ್ಲ, ಬದಲಿಗೆ ಚರ್ಮವೇ ಬಾಗಿ ಬಾಯಿಯ ಹಿಂದಿನಿಂದ ಮೇಲೇಳುತ್ತದೆ. ಕತ್ತಿಯ ಸ್ವಂತ ಭಾರ, ಜೊತೆಗೆ ಅದು ಮೇಲೇಳದಂತೆ ತಡೆಯುವಷ್ಟು ಬೆರಳು, ಇಷ್ಟೇ ಸಾಕು.

ಕಿವಿಯನ್ನೂ ಬಳಸಿ. ಹೋಗುವಾಗ ಬರುವಾಗ ಸದ್ದು ಒಂದೇ ಇರಬೇಕು. ಒಂದು ಕಡೆಗೆ ಮಾತ್ರ ಕೀರಲು ಬಂದರೆ ಆ ಬದಿಯಲ್ಲಿ ಬಾಯಿಯನ್ನು ಚರ್ಮಕ್ಕೆ ತಿರುಚಿ ಒತ್ತುತ್ತಿದ್ದೀರಿ. ಸದ್ದೇ ಇಲ್ಲದಿದ್ದರೆ ಬಾಯಿ ತಾಗುತ್ತಲೇ ಇಲ್ಲ.

ಲೆಕ್ಕ: ಕ್ಷೌರಕ್ಕೆ ಮುಂಚೆ ಬಟ್ಟೆಯ ಮೇಲೆ 20ರಿಂದ 30, ಚರ್ಮದ ಮೇಲೆ 40ರಿಂದ 60. ಹೋಗಿ ಬಂದರೆ ಒಂದು ಸುತ್ತು. ಮೊದಲ ಕೆಲವು ದಿನ ಬಾಯಿ ಇಲ್ಲದ ಊಟದ ಚಾಕುವಿನಲ್ಲಿ ಹೊರಳಿಸುವುದನ್ನು ಅಭ್ಯಾಸ ಮಾಡಿ.

ಗಾಜಿನಲಗು

ಬಟ್ಟೆಯ ಪಟ್ಟಿ ಅಗತ್ಯವೇ ಎಂಬುದರಲ್ಲಿ ನನ್ನದು ಭಿನ್ನ ಅಭಿಪ್ರಾಯ. ಕ್ಷೌರ ಮುಗಿದ ಮೇಲೆ ಕತ್ತಿಯನ್ನು ತೊಳೆದು ಮೃದು ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ ಚೆನ್ನಾಗಿ ಒಣಗಿಸಿದರೆ ಲಿನನ್‌ಗೆ ಉಳಿಯುವ ಕೆಲಸ ಕಡಿಮೆ. ಚರ್ಮದ ಮೇಲೆ ಇಪ್ಪತ್ತು ಸುತ್ತು ಹೆಚ್ಚು ಹಾಕಿ ಅಷ್ಟೇ ಫಲ ಪಡೆಯಬಹುದು. ಅಗ್ಗದ ಪಟ್ಟಿಗಳಿಗೆ ಹೊಲಿದಿರುವ ನೈಲಾನ್ ಅಂತೂ ಬಹಳ ಕಡೆ ಒರಟಾಗಿಯೇ ಇರುತ್ತದೆ. ಅದನ್ನು ಬಳಸದಿರುವುದೇ ಮೇಲು.

ಸ್ಟ್ರಾಪ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೂ ತಿಳಿದಿರಲಿ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಹಳ ಉಪಯುಕ್ತ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು, ಆದರೂ ಅಲಗು ಮೊಂಡಾಗುತ್ತದೆ. ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಕೂದಲು ಕತ್ತರಿಸಿ ನೋಡಿದಾಗ ಕಂಡದ್ದು, ಬಾಯಿ ಬರೀ ಸವೆದು ದುಂಡಾಗುವುದಲ್ಲ, ಅಲ್ಲಲ್ಲಿ ಸಣ್ಣ ಚೂರುಗಳು ಸಿಡಿಯುತ್ತವೆ ಎಂಬುದು. ಕೂದಲು ಅಲಗಿಗೆ ಓರೆಯಾಗಿ ಬಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ ಇದು ಹೆಚ್ಚು. ಅವರು ಪರೀಕ್ಷಿಸಿದ್ದು ಬಿಸಾಡುವ ಬ್ಲೇಡಿನ ಉಕ್ಕು, ಆದರೂ ಅರ್ಥ ನಮಗೂ ಅನ್ವಯಿಸುತ್ತದೆ. ಬಾಗಿದ ಅಂಚನ್ನು ನೆಟ್ಟಗೆ ಮಾಡುವುದು, ಕೊಳೆ ತೆಗೆಯುವುದು, ಮೇಲ್ಮೈ ನಯ ಮಾಡುವುದು ಚರ್ಮದ ಕೈಲಿದೆ. ಸಿಡಿದುಹೋದ ಉಕ್ಕನ್ನು ಚರ್ಮ ತುಂಬಲಾರದು. ಎಷ್ಟು ಎಳೆದರೂ ಕತ್ತಿ ಕೂದಲನ್ನು ಕೀಳುತ್ತಿದ್ದರೆ ಅದು ಸಾಣೆಕಲ್ಲಿನ ಕೆಲಸ.

ತೊಗಲುಬಲ್ಲವ

ಗಾಜಿನಲಗು ಅವರೇ, ಒರಟು ನೈಲಾನ್ ಬಗ್ಗೆ ಒಪ್ಪುತ್ತೇನೆ, ಉಳಿದದ್ದಕ್ಕಲ್ಲ. ಕೈಬಟ್ಟೆ ಅಲಗಿನ ಮೈಯನ್ನು ಒರೆಸುತ್ತದೆ, ಬಾಯಿಯ ಕೊನೆಯ ಅಂಚನ್ನು ಯಾರೂ ಬಟ್ಟೆಯಿಂದ ಉಜ್ಜುವುದಿಲ್ಲ, ಉಜ್ಜಲೂ ಬಾರದು. ಒಣಗಿದ ಸೋಪು, ನೀರಿನ ಸುಣ್ಣ, ಕಣ್ಣಿಗೆ ಕಾಣದ ತುಕ್ಕು ಉಳಿಯುವುದು ಆ ಅಂಚಿನಲ್ಲೇ. ಒಳ್ಳೆಯ ಲಿನನ್ ಅಥವಾ ದಟ್ಟ ಹತ್ತಿಯ ಕ್ಯಾನ್ವಾಸ್ ಅದನ್ನು ಸರಿಯಾದ ಕೋನದಲ್ಲಿ ತೆಗೆಯುತ್ತದೆ. ಬಟ್ಟೆ ಇಲ್ಲದಿದ್ದರೆ ಆ ಕೊಳೆಯೆಲ್ಲ ಚರ್ಮಕ್ಕೆ ಹೋಗಿ ಕಪ್ಪು ಹೊಳಪಿನ ಪದರ ಕಟ್ಟುತ್ತದೆ, ಎಳೆತ ಸತ್ತುಹೋಗುತ್ತದೆ. ಕ್ಷೌರದ ನಂತರವೂ ಬಟ್ಟೆಯ ಮೇಲೆ ಹತ್ತು ಸುತ್ತು ಹಾಕಿ ಎತ್ತಿಡಿ. ಬಾಯಿ ಪೂರ್ತಿ ಒಣಗುತ್ತದೆ. ಒದ್ದೆ ಕತ್ತಿಯನ್ನು ಚರ್ಮಕ್ಕೆ ಮಾತ್ರ ತಾಗಿಸಬೇಡಿ.

ಬಟ್ಟೆ ಕೊಳೆಯಾದರೆ ಕೊಂಡಿಯಿಂದ ಬಿಚ್ಚಿ, ಉಗುರುಬೆಚ್ಚಗಿನ ನೀರು ಮತ್ತು ಮೆದು ಸೋಪಿನಲ್ಲಿ ಬ್ರಷ್‌ನಿಂದ ಉಜ್ಜಿ, ಸಪಾಟಾಗಿ ಒಣಗಿಸಿ ಇಸ್ತ್ರಿ ಮಾಡಿ. ಚರ್ಮಕ್ಕೆ ಸೇರಿಸಿ ಹೊಲಿದಿದ್ದರೆ ಒದ್ದೆ ಮಾಡಬೇಡಿ. ಅದಕ್ಕೇ ಬಿಚ್ಚಬರುವಂಥದ್ದನ್ನೇ ಕೊಳ್ಳಿ ಎನ್ನುವುದು.

ಗಾಜಿನಲಗು

ಕ್ಷೌರದ ನಂತರ ಒಣಗಿಸುವ ಹತ್ತು ಸುತ್ತಿನ ಮಾತು ಒಪ್ಪುವಂಥದ್ದೇ. ಕ್ಷೌರಕ್ಕೆ ಮುಂಚಿನ ಮೂವತ್ತರ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಉಳಿದಿದೆ.

ಹಸಿರುಪುಡಿ

ಪೇಸ್ಟ್ ಬಗ್ಗೆ ಕೇಳಿದ್ದೀರಿ. ಮೊದಲ ನಿಯಮ: ದಿನದ ಚರ್ಮಕ್ಕೆ ಉಜ್ಜುವ ಪುಡಿ ಯಾವುದೂ ಬೇಡ. ಒಮ್ಮೆ ಹಚ್ಚಿದರೆ ನಾರಿನೊಳಗೆ ಇಳಿದ ಕಣಗಳನ್ನು ಪೂರ್ತಿ ತೆಗೆಯಲಾಗದು, ಅಲ್ಲಿಂದ ಮುಂದೆ ಪ್ರತಿದಿನವೂ ನೀವು ಉಕ್ಕನ್ನು ಸವೆಸುತ್ತಿರುತ್ತೀರಿ.

ಪೇಸ್ಟಿಗೆ ಬೇರೆ ಹಲಗೆ ಇಡಿ. ಬಾಲ್ಸಾ ಎಂಬ ಹಗುರ ಮರ ಅಥವಾ ಗಟ್ಟಿ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯ ಹಾಳೆ), 30 ಸೆಂಟಿಮೀಟರ್ ಉದ್ದ, 7.5 ಅಗಲ ಇದ್ದರೆ ಸಾಕು. ಬಾಲ್ಸಾವನ್ನು ಗಾಜಿನ ಮೇಲೆ ಅಂಟಿಸಿದ ಮರಳುಕಾಗದದಲ್ಲಿ ಉಜ್ಜಿ ಮೊದಲು ಸಪಾಟು ಮಾಡಿಕೊಳ್ಳಬೇಕು. ಪೇಸ್ಟ್‌ಗಳಲ್ಲಿ ಕ್ರೋಮಿಯಂ ಆಕ್ಸೈಡ್ ಹಸಿರು, ಒಳ್ಳೆಯದರ ಕಣ 0.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ವಜ್ರದ ಪೇಸ್ಟ್ ಅಥವಾ ಸ್ಪ್ರೇ ಆದರೆ 0.5 ಮತ್ತು 0.25. ಅದು ಬೇಗ ಕೊರೆಯುತ್ತದೆ, ಬಾಯಿ ಸ್ವಲ್ಪ ಕಟುವಾಗುತ್ತದೆ. ಕ್ರೋಮಿಯಂ ಆಕ್ಸೈಡ್ ನಿಧಾನ, ಮುಖಕ್ಕೆ ಹಿತ. ಚಾಕುಗಳಿಗೆಂದು ಮಾರುವ ಹಸಿರು ಮೇಣದ ಗಟ್ಟಿಗಳನ್ನು ಬಳಸಬೇಡಿ. ಹಲವದರಲ್ಲಿ ಅಲ್ಯುಮಿನಿಯಂ ಆಕ್ಸೈಡ್ ಬೆರೆತಿರುತ್ತದೆ, ಕಣಗಳು ದೊಡ್ಡವು. ಪಾಲಿಶ್ ಮಾಡಲು ಸರಿ, ಮುಖಕ್ಕೆ ಅಲ್ಲ.

ತೆಳುವಾಗಿ ಹಚ್ಚಿ, ಮರದ ಎಳೆಗಳು ಹಸಿರಿನ ಕೆಳಗೆ ಕಾಣುತ್ತಿರಬೇಕು. ದಪ್ಪಗೆ ಬಳಿದರೆ ಬಾಯಿ ಪೇಸ್ಟಿನೊಳಗೆ ಮುಳುಗಿ ದುಂಡಾಗುತ್ತದೆ. ಕತ್ತಿಯ ಸ್ವಂತ ಭಾರದಲ್ಲೇ 5ರಿಂದ 15 ಸುತ್ತು. ಬೂದು ಗೆರೆಗಳು ಮೂಡಿದರೆ ಉಕ್ಕು ಸವೆಯುತ್ತಿದೆ ಎಂದರ್ಥ, ಅದು ಸರಿಯೇ. ಆಮೇಲೆ ಕತ್ತಿಯನ್ನು ಒರೆಸಿ, ಬಟ್ಟೆಯ ಪಟ್ಟಿ, ಕೊನೆಗೆ ಶುದ್ಧ ಚರ್ಮ. ಒರೆಸದೆ ಹೋದರೆ ಹಸಿರು ಕಣಗಳು ಚರ್ಮಕ್ಕೆ ದಾಟುತ್ತವೆ. ಎರಡು ಬಗೆ ಪೇಸ್ಟ್ ಇಟ್ಟರೆ ಎರಡು ಹಲಗೆ ಇಡಬೇಕು. ದೊಡ್ಡ ಕಣ ಒಂದೇ ಬಂದರೂ ನುಣುಪಿನ ಹಲಗೆ ಕೆಡುತ್ತದೆ.

ಯಾವಾಗ ಎಂದರೆ, ಚರ್ಮದ 60 ಸುತ್ತಿನ ನಂತರವೂ ಕತ್ತಿ ಗದ್ದದ ಕೂದಲಲ್ಲಿ ತಡೆಯುತ್ತಿದ್ದರೆ. ಸತತ ಮೂರು ನಾಲ್ಕು ಬಾರಿ ಪೇಸ್ಟ್ ಹಿಡಿಸಿದ ಮೇಲೆ ಫಲ ಕಡಿಮೆಯಾದರೆ ಬಾಯಿ ಉಬ್ಬಿದೆ. 12000 ಕಲ್ಲಿಗೆ ಮರಳಿ.

ಬೆನ್ನುಮುಂದೆ

ಹಸಿರುಪುಡಿ ಅವರೇ, ಹಳದಿ ಬಣ್ಣದ ಟ್ಯೂಬಿನಲ್ಲಿ ಬರುವ ಪೇಸ್ಟ್ ಚರ್ಮಕ್ಕೇ ಎನ್ನುತ್ತಾರಲ್ಲ?

ಹಸಿರುಪುಡಿ

ಕೆಲವು ಹಳದಿ ಪೇಸ್ಟ್‌ಗಳಲ್ಲಿ ಉಜ್ಜುವ ಕಣವೇ ಇರುವುದಿಲ್ಲ, ಬರೀ ಕೊಬ್ಬು ಮತ್ತು ಮೇಣ. ಅವು ಚರ್ಮವನ್ನು ಮೆದುವಾಗಿಡಲು. ಬಣ್ಣ ನೋಡಿ ನಿರ್ಧರಿಸಬೇಡಿ. ಒಂದು ತಯಾರಕರ ಹಳದಿ ಇನ್ನೊಬ್ಬರಲ್ಲಿ ಬೇರೆ ಕೆಲಸಕ್ಕಿರಬಹುದು. ಉಜ್ಜುವ ಪುಡಿ ಇಲ್ಲ ಎಂದು ಟ್ಯೂಬಿನ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತೂಗು ಪಟ್ಟಿಗೆ ಹಚ್ಚಿ, ಅದೂ ಚರ್ಮ ಒಣಗಿದಾಗ.

ತೊಗಲುಬಲ್ಲವ

ಆರೈಕೆಯ ಭಾಗ. ಇದರಲ್ಲಿ ಜನ ತಪ್ಪುವುದು ಕಡಿಮೆ ಮಾಡಿ ಅಲ್ಲ, ಹೆಚ್ಚು ಮಾಡಿ.

ದಿನವೂ ಬೇಕಾದದ್ದು ಅಂಗೈ. ಕೈ ತೊಳೆದು ಪೂರ್ತಿ ಒಣಗಿಸಿ, ಪಟ್ಟಿಯ ಮೇಲಿಂದ ಕೆಳಗೆ 15–20 ಸಲ ಚರ್ಮ ಬೆಚ್ಚಗಾಗುವ ತನಕ ಉಜ್ಜಿ. ಮೇಲೆ ಕೂತ ಧೂಳು ಹೋಗುತ್ತದೆ, ಒಳಗಿನ ಎಣ್ಣೆ ಮೇಲೆ ಬರುತ್ತದೆ, ಅಂಗೈಯ ಅಲ್ಪ ಜಿಡ್ಡೂ ಸೇರುತ್ತದೆ. ಧೂಳಿನ ಒಂದು ಕಣವೂ ಬಾಯಿಗೆ ಗೀರು ಹಾಕಬಲ್ಲದು, ಹಾಗಾಗಿ ಇದು ಬರೀ ಚರ್ಮಕ್ಕಾಗಿ ಅಲ್ಲ. ನಿತ್ಯ ಹೀಗೆ ಮಾಡುವ ಪಟ್ಟಿಗೆ ಬಹಳ ಕಾಲ ಬೇರೇನೂ ಬೇಡ.

ಎಣ್ಣೆ ಯಾವಾಗ? ಮೇಲ್ಮೈ ಬಿಳಚಿಕೊಂಡಿದ್ದರೆ, ಕತ್ತಿ ಎಳೆದಾಗ ಒಣ ಕಾಗದದ ಸದ್ದು ಬಂದರೆ, ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ. ಆಗ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆದದ್ದು), ಮೂರು ಇಂಚಿನ ಪಟ್ಟಿಗೆ ನಾಲ್ಕೈದು ಹನಿ, ಅಂಗೈಗೆ ಹಾಕಿಕೊಂಡು ಇಡೀ ಪಟ್ಟಿಗೆ ಹರಡಿ. ನೇರವಾಗಿ ಚರ್ಮದ ಮೇಲೆ ಸುರಿದರೆ ಆ ಜಾಗ ಕಪ್ಪಾಗಿ ಹಾಗೇ ಉಳಿಯುತ್ತದೆ. ಒಂದು ದಿನ ತೂಗುಬಿಟ್ಟು, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಳಸಿ. ವರ್ಷಕ್ಕೆ ಒಂದೆರಡು ಬಾರಿಗಿಂತ ಹೆಚ್ಚು ಬೇಕಾಗುವುದಿಲ್ಲ. ಲ್ಯಾಟಿಗೋದಂಥ ಎಣ್ಣೆ ತುಂಬಿದ ಚರ್ಮಕ್ಕೆ ಅದೂ ಬೇಡ.

ಎಣ್ಣೆ ಹೆಚ್ಚಾದರೆ ಚರ್ಮ ಸಡಿಲವಾಗಿ ಹಿಗ್ಗುತ್ತದೆ, ಬಿಗಿ ನಿಲ್ಲುವುದಿಲ್ಲ, ಕತ್ತಿ ತಡವರಿಸುತ್ತದೆ. ಹಾಗಾಗಿದ್ದರೆ ಹೀರುವ ಕಾಗದ ಒತ್ತಿಟ್ಟು, ದಿನಕ್ಕೊಮ್ಮೆ ಕಾಗದ ಬದಲಿಸುತ್ತಾ ವಾರ ಬಿಡಿ. ಅಡುಗೆ ಎಣ್ಣೆ ಯಾವುದೂ ಬೇಡ. ಗಾಳಿಗೆ ಅದು ಕಮಟು ಹಿಡಿದು ಜಿಗುಟಾಗುತ್ತದೆ. ಬೂಟ್ ಪಾಲಿಶ್, ಸಿಲಿಕೋನ್ ಇರುವ ಹೊಳಪುಗಳು ಮೇಲ್ಮೈಗೆ ಪದರ ಕಟ್ಟುತ್ತವೆ, ಆಮೇಲೆ ಕತ್ತಿ ತಾಗುವುದು ಆ ಪದರಕ್ಕೇ, ಚರ್ಮಕ್ಕಲ್ಲ.

ಕಪ್ಪು ಹೊಳಪಿನ ಕೊಳೆ ಕಟ್ಟಿದ್ದರೆ ಚರ್ಮ ಶುಚಿ ಮಾಡುವ ಸ್ಯಾಡಲ್ ಸೋಪಿನ ನೊರೆಯನ್ನು, ನೀರನ್ನಲ್ಲ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ತೆಗೆದುಕೊಂಡು ಮೆಲ್ಲಗೆ ಒರೆಸಿ. ಸೋಪು ಉಳಿಯದಂತೆ ಹಿಂಡಿದ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ನೆರಳಿನಲ್ಲಿ ಒಂದೆರಡು ದಿನ ಒಣಗಿಸಿ, ಆಮೇಲೆ ಎರಡು ಹನಿ ಎಣ್ಣೆ.

ಸ್ನಾನದ ಮನೆಯಲ್ಲಿ ಖಾಯಂ ತೂಗುಹಾಕಬೇಡಿ, ಬೂಷ್ಟು ಬರುತ್ತದೆ. ಬಂದರೆ ಹೊರಗೆ ಒಯ್ದು ಒಣ ಬ್ರಷ್‌ನಿಂದ ಉದುರಿಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಬಿಸಿಲು ಮತ್ತು ಹೀಟರ್ ಎರಡೂ ಚರ್ಮವನ್ನು ಸೆಟೆಸುತ್ತವೆ. ತೇವದ ದಿನಗಳಲ್ಲಿ ಎಳೆತ ಹೆಚ್ಚಾದಂತೆ, ಒಣ ದಿನಗಳಲ್ಲಿ ಕಡಿಮೆಯಾದಂತೆ ಅನ್ನಿಸುವುದು ಸಹಜ, ಅದಕ್ಕೆ ಮದ್ದು ಮಾಡಲು ಹೋಗಬೇಡಿ. ಮಡಚಿಡುವುದು ಕೂಡದು. ಸುತ್ತಲೇಬೇಕಾದರೆ ಕೆಲಸದ ಮುಖ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿ. ಒಳಗಾದರೆ ಸುಕ್ಕು ಬೀಳುತ್ತದೆ.

ಅಂಚು ಸುರುಟಿದ್ದರೆ ಪಟ್ಟಿಯನ್ನು ಎರಡು ಸಪಾಟು ಹಲಗೆಗಳ ನಡುವೆ ಇಟ್ಟು ಮೂರು ನಾಲ್ಕು ಕಿಲೋ ಭಾರ ಹೇರಿ ಕೆಲವು ದಿನ ಬಿಡಿ. ಒಂದೊಂದು ದಿನಕ್ಕೆ ಫಲ ಕಾಣುವುದಿಲ್ಲ.

ಬೆನ್ನುಮುಂದೆ

ಗಾಯವಾದರೆ ಪಟ್ಟಿ ಮುಗಿದಂತೆಯೇ? ಮತ್ತೆ, ಹಳೆಯ ಸೊಂಟಪಟ್ಟಿಯನ್ನೇ ಸ್ಟ್ರಾಪ್ ಮಾಡಿಕೊಳ್ಳಬಹುದೆ?

ಸಾಣೆಗಾರ

ಗಾಯ ಎಲ್ಲಿದೆ, ಎಷ್ಟು ಆಳ ಎಂಬುದರ ಮೇಲೆ. ಕಣ್ಣಿಗಿಂತ ಬೆರಳನ್ನು ನಂಬಿ. ಬೆರಳ ತುದಿಯನ್ನು ಎರಡೂ ದಿಕ್ಕಿನಲ್ಲಿ ಎಳೆದಾಗ ಏನೂ ತಡೆಯದಿದ್ದರೆ ಅದು ಬರೀ ಗೆರೆ, ಹಾಗೇ ಬಿಡಿ. ಉಬ್ಬಿ ನಿಂತಿದ್ದರೆ 400 ಗ್ರಿಟ್ ಮರಳುಕಾಗದವನ್ನು ಸಪಾಟು ಕಟ್ಟಿಗೆಗೆ ಸುತ್ತಿ, ಆ ಜಾಗವನ್ನಷ್ಟೇ ಅಲ್ಲದೆ ಸುತ್ತ ಒಂದಂಗುಲ ಸೇರಿಸಿ ಮೆಲ್ಲಗೆ ಉಜ್ಜಿ. ಆಮೇಲೆ 600, 1000. ಬೆರಳಿಗೇ ಕಾಗದ ಸುತ್ತಿ ಉಜ್ಜಿದರೆ ಗುಂಡಿ ಬೀಳುತ್ತದೆ. ಇದರಲ್ಲಿ ಬಹಳ ಜನ ಮರೆಯುವುದು ಕೊನೆಯ ಹೆಜ್ಜೆ: ಮರಳುಕಾಗದದಿಂದ ಉದುರಿದ ಕಣ ಚರ್ಮದಲ್ಲಿ ಉಳಿದಿರುತ್ತದೆ. ಬ್ರಷ್ ಮಾಡಿ, ಅಂಟುಪಟ್ಟಿ ಒತ್ತಿ ಎತ್ತಿ, ಮತ್ತೆ ಬ್ರಷ್ ಮಾಡಿ, ಆಮೇಲೆ ಅಂಗೈ ಉಜ್ಜಿ.

ಚರ್ಮ ನಾಲಿಗೆಯಂತೆ ಎದ್ದಿದ್ದರೆ ಅದರ ಕೆಳಗೆ ಹಲ್ಲುಕಡ್ಡಿಯಿಂದ ರಬ್ಬರ್ ಅಂಟನ್ನು ತೆಳುವಾಗಿ ಸವರಿ, ಒತ್ತಿ, ಭಾರ ಇಟ್ಟು ಒಂದು ದಿನ ಬಿಟ್ಟು ಉಜ್ಜಿ. ಗಟ್ಟಿಯಾಗಿ ಒಣಗುವ ಕ್ಷಣಾರ್ಧದ ಅಂಟು ಬೇಡ, ಅದು ಗಾಜಿನಂತೆ ನಿಂತು ಬಾಯಿಯನ್ನು ಮುಕ್ಕು ಮಾಡುತ್ತದೆ. ಗಾಯ ಪಟ್ಟಿಯ ಅಂಚಿನಲ್ಲಿದ್ದರೆ ಆ ಚೂರನ್ನು ಓರೆಯಾಗಿ ಕತ್ತರಿಸಿ ನಯ ಮಾಡಿ, ತೊಂದರೆಯಿಲ್ಲ. ದಪ್ಪದ ಅರ್ಧಕ್ಕಿಂತ ಆಳವಾಗಿ ನಡುವೆ ಕತ್ತರಿಸಿದ್ದರೆ ಎಳೆದಾಗ ಬಾಯಿ ಬಿಡುತ್ತದೆ, ಆ ಚರ್ಮವನ್ನು ಬದಲಿಸಲೇಬೇಕು. ಚರ್ಮ ಮಾತ್ರ ಬದಲಿಸಬರುವಂಥ ಸ್ಟ್ರಾಪ್ ಕೊಂಡಿದ್ದರೆ ಹಿಡಿಕೆ, ಕೊಂಡಿ, ಬಟ್ಟೆ ಉಳಿಯುತ್ತವೆ.

ಸೊಂಟಪಟ್ಟಿಯ ಬಗ್ಗೆ: ಹೆಚ್ಚಿನವು ಆಗುವುದಿಲ್ಲ. ಮೇಲೆ ಪಾಲಿಯುರಿಥೇನ್ ಬಣ್ಣದ ಲೇಪ ಇರುತ್ತದೆ, ಒಳಗೆ ಚರ್ಮದ ಪುಡಿ ಅಂಟಿಸಿದ ಹಾಳೆ, ಅಂಚಿನಲ್ಲಿ ಹೊಲಿಗೆ. ಹೊಲಿಗೆಯ ದಾರ ಎದ್ದಿದ್ದರೆ ಬಾಯಿ ಅದರ ಮೇಲೆ ಹಾಯುತ್ತದೆ. ಅಂಚನ್ನು ಅಡ್ಡ ಕತ್ತರಿಸಿ ನೋಡಿ. ಒಂದೇ ಪದರ, ನಾರು ನಾರಾಗಿ ಕಂಡು, ಮೇಲ್ಮೈ ಮೇಲೆ ನೀರಿನ ಹನಿ ಇಟ್ಟಾಗ ನಿಧಾನಕ್ಕೆ ಇಂಗಿ ಕಪ್ಪಾದರೆ ಅದು ಲೇಪವಿಲ್ಲದ ಪೂರ್ತಿ ಚರ್ಮ. ಅಗಲ ಒಂದೂವರೆ ಇಂಚೇ ಇರುವುದರಿಂದ ಎಕ್ಸ್ ಎಳೆತ ಚೆನ್ನಾಗಿ ಬರುವವರಿಗೆ ಮಾತ್ರ.

ನಿಧಾನ_ಕೈ

ಸಾಣೆಗಾರ ಅವರ ಮಾತಿಗೆ ಒಂದು ಸೇರ್ಪಡೆ. ಪಟ್ಟಿಯನ್ನು ದೂರುವ ಮೊದಲು ಕತ್ತಿಯನ್ನೂ ನೋಡಿ. ಬುಡದ ಮೂಲೆ ಚೂಪಾಗಿದ್ದರೆ ಪ್ರತಿ ಎಳೆತದಲ್ಲೂ ಪಟ್ಟಿಗೆ ಒಂದೇ ಜಾಗದಲ್ಲಿ ಗೀರು ಬೀಳುತ್ತದೆ. ಕಲ್ಲಿನ ಮೇಲೆ ಆ ಮೂಲೆಯನ್ನು ಚೂರು ದುಂಡು ಮಾಡಿಸಬೇಕು. ಚೌಕ ಮೊನೆಯ ಕತ್ತಿಗೂ ಇದೇ. ಹಾಗೇ, ಸಾಣೆ ಮುಗಿದ ಕತ್ತಿಯನ್ನು ತೊಳೆದು ಒರೆಸದೆ ಪಟ್ಟಿಗೆ ಇಡಬೇಡಿ. ಕಲ್ಲಿನ ಕೆಸರು ಬೆನ್ನಿನ ಕೆಳಗೆ ಅಂಟಿರುತ್ತದೆ, ಅದು ಚರ್ಮಕ್ಕೆ ಹೋದರೆ ಹಸಿರುಪುಡಿ ಅವರು ಹೇಳಿದ ತೊಂದರೆಯೇ.

ಬೆನ್ನುಮುಂದೆ

ಹಾಗಾದರೆ ಮೂರು ಇಂಚು ಅಗಲ, 45 ಸೆಂಟಿಮೀಟರ್ ಎಳೆಯುವ ಉದ್ದ, ಬ್ರೈಡಲ್ ಚರ್ಮ, ಬಿಚ್ಚಬರುವ ಕ್ಯಾನ್ವಾಸ್, ಪೇಸ್ಟ್ ಸದ್ಯಕ್ಕಿಲ್ಲ. ಬಂದ ದಿನ ಏನು ಪರೀಕ್ಷಿಸಲಿ?

ತೊಗಲುಬಲ್ಲವ

ತೂಗುಹಾಕಿ ಎಳೆದು ಹಿಡಿದು ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ: ಒಂದು ಅಂಚು ಬಿಗಿ ಇನ್ನೊಂದು ಸಡಿಲ ಇದ್ದರೆ ಕೊಂಡಿಯನ್ನು ಓರೆಯಾಗಿ ಹೊಡೆದಿದ್ದಾರೆ, ಹಿಂದಿರುಗಿಸಿ. ನಾಲ್ಕು ಮೂಲೆ ಮತ್ತು ನಡುವಿನ ದಪ್ಪವನ್ನು ಬೆರಳಲ್ಲಿ ಹಿಸುಕಿ ಹೋಲಿಸಿ. ಬಟ್ಟೆ ಮತ್ತು ಚರ್ಮ ಎರಡಕ್ಕೂ ಪ್ರತ್ಯೇಕ ಹಿಡಿತ ಇದೆಯೇ, ಒಂದನ್ನು ಎಳೆದಾಗ ಇನ್ನೊಂದು ಅಡ್ಡ ಬರುತ್ತದೆಯೇ ನೋಡಿ. ಮೇಲಿನ ಕೊಕ್ಕೆ ತಿರುಗುವಂಥದ್ದಾದರೆ ಒಳ್ಳೆಯದು, ಪಟ್ಟಿ ತಿರುಚಿಕೊಳ್ಳುವುದಿಲ್ಲ. ರಿವೆಟ್‌ಗಳು ಎಳೆಯುವ ಜಾಗದಿಂದ ದೂರ ಇರಬೇಕು, ಉಕ್ಕಿನ ಬಾಯಿ ಒಮ್ಮೆ ರಿವೆಟ್‌ಗೆ ತಗುಲಿದರೆ ಆ ಮುಕ್ಕು ತೆಗೆಯಲು 1000 ಗ್ರಿಟ್ ಕಲ್ಲಿನಿಂದ ಮತ್ತೆ ಶುರು ಮಾಡಬೇಕು.

ಹೊಸ ಬ್ರೈಡಲ್ ಗಟ್ಟಿ ಮತ್ತು ಜಾರು ಇರುತ್ತದೆ. ಒಂದು ವಾರ ಬೆಳಿಗ್ಗೆ ಸಂಜೆ ಅಂಗೈ ಉಜ್ಜಿ, ಹಿಂಬದಿಯಿಂದ ಗಾಜಿನ ಸೀಸೆಯೊಂದನ್ನು ಉರುಳಿಸಿ ಹದ ಮಾಡಿ. ಎಳೆತ ತೆರೆದುಕೊಳ್ಳಲು ಒಂದೆರಡು ತಿಂಗಳ ಬಳಕೆ ಬೇಕು. ಅಲ್ಲಿಯವರೆಗೆ ಚರ್ಮದ ಸುತ್ತುಗಳನ್ನು 60ಕ್ಕೇ ಇಡಿ.